ವೀರ್ಯದಲ್ಲಿ ವೈರಸ್ ಇದ್ದಾಗ ಐಯುಐಗೆ ಮುಂಚೆ ತೊಳೆದರೆ ಸಾಕೇ?

ಪ್ರಶ್ನೆ:
ಪುರುಷನಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಎರಡೂ ಇವೆ. ಪತ್ನಿಗೆ ಎರಡೂ ನೆಗೆಟಿವ್. ಎಚ್‌ಐವಿ ಮಾತ್ರೆ ತಪ್ಪದೆ ನಡೆಯುತ್ತಿದೆ, 8 ತಿಂಗಳಿಂದ ವೈರಲ್ ಲೋಡ್ (ಒಂದು ಮಿ.ಲೀ. ರಕ್ತದಲ್ಲಿರುವ ವೈರಸ್ ಪ್ರತಿಗಳ ಸಂಖ್ಯೆ) 50ರ ಕೆಳಗಿದೆ. ವೀರ್ಯಾಣು ಸಂಖ್ಯೆ ಸ್ವಲ್ಪ ಕಡಿಮೆ ಇರುವುದರಿಂದ ಐಯುಐ (ತೊಳೆದ ವೀರ್ಯಾಣುಗಳನ್ನು ನೇರ ಗರ್ಭಕೋಶಕ್ಕೆ ಹಾಕುವುದು) ಯೋಚನೆ. ತೊಳೆದರೆ ಎರಡೂ ವೈರಸ್ ಹೋಗುತ್ತವೆಯೇ? ಲ್ಯಾಬಿನಲ್ಲಿ ಎಡವುವುದು ಎಲ್ಲಿ?

ಉತ್ತರ 1:
ಎಚ್‌ಐವಿ ಇರುವುದು ಮುಖ್ಯವಾಗಿ ವೀರ್ಯದ ದ್ರವದಲ್ಲಿ ಮತ್ತು ಅದರೊಳಗಿನ ಬಿಳಿ ರಕ್ತಕಣಗಳಲ್ಲಿ. ತೊಳೆಯುವ ವಿಧಾನ ನಿಂತಿರುವುದೇ ಇದರ ಮೇಲೆ. ಟ್ಯೂಬಿನ ತಳಕ್ಕೆ 80% ಗ್ರೇಡಿಯೆಂಟ್ (ವೀರ್ಯಾಣು ಬೇರ್ಪಡಿಸುವ ಸಾಂದ್ರ ದ್ರವ) 1 ಮಿ.ಲೀ., ಅದರ ಮೇಲೆ 40% 1 ಮಿ.ಲೀ., ಎಲ್ಲಕ್ಕೂ ಮೇಲೆ ನೀರಾದ ವೀರ್ಯ 1 ಮಿ.ಲೀ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ 300 ಜಿ ಬಲಕ್ಕೆ 20 ನಿಮಿಷ ತಿರುಗಿಸಿ. ಜಿ ಅಂದರೆ ಆರ್‌ಪಿಎಂ ಅಲ್ಲ, ನಿಮ್ಮ ಯಂತ್ರದ ರೋಟರ್ ಅಳತೆಗೆ ಲೆಕ್ಕ ಹಾಕಿಯೇ ಇಡಬೇಕು.

ಎಡವುವುದು ಇದಾದ ಮೇಲೆ. ಪಿಪೆಟ್ಟನ್ನು ಪದರಗಳ ಮಧ್ಯೆ ತೂರಿಸಿ ತಳದ ಪೆಲೆಟ್ (ತಳದಲ್ಲಿ ಕೂತ ವೀರ್ಯಾಣುಗಳ ಗುಡ್ಡೆ) ಎತ್ತಿದರೆ ಮೇಲಿನ ವೈರಸ್ಸೂ ಜೊತೆಗೆ ಇಳಿಯುತ್ತದೆ. ಮೊದಲು ಮೇಲಿನಿಂದ ಒಂದೊಂದೇ ಪದರ ತೆಗೆಯಿರಿ, ಪಿಪೆಟ್ ಬದಲಿಸಿ, ಪೆಲೆಟ್ಟನ್ನು ಹೊಸ ಟ್ಯೂಬಿಗೆ ಹಾಕಿ. ಹಳೆ ಟ್ಯೂಬಿನ ಗೋಡೆಗೂ ದ್ರವ ಅಂಟಿರುತ್ತದೆ. 5 ಮಿ.ಲೀ. ಮೀಡಿಯಂನಲ್ಲಿ 200 ಜಿಗೆ ಎರಡು ಸಲ ತೊಳೆದು, ಆಮೇಲೆ ಸ್ವಿಮ್-ಅಪ್: 37 ಡಿಗ್ರಿಯಲ್ಲಿ, ಟ್ಯೂಬ್ 45 ಡಿಗ್ರಿ ವಾಲಿಸಿ, ಒಂದು ಗಂಟೆ. ಈಜಿ ಮೇಲೆ ಬಂದದ್ದನ್ನು ಮಾತ್ರ ತೆಗೆದುಕೊಳ್ಳಿ.

ಕೊನೆಗೆ ಅದರ ಒಂದು ಪಾಲನ್ನು ಪಿಸಿಆರ್‌ಗೆ (ವೈರಸ್ಸಿನ ಜೀನುಗಳನ್ನು ಹುಡುಕುವ ಪರೀಕ್ಷೆ) ಕಳಿಸಬೇಕು. ವೀರ್ಯದ ಕೆಲವು ಅಂಶಗಳು ಪಿಸಿಆರನ್ನೇ ತಡೆಯುತ್ತವೆ, ಹಾಗಾಗಿ ಇಂಟರ್ನಲ್ ಕಂಟ್ರೋಲ್ (ಪರೀಕ್ಷೆ ಸರಿಯಾಗಿ ನಡೆದಿದೆಯೇ ತೋರಿಸುವ ಗುರುತು) ಇಲ್ಲದೆ ಬಂದ 'ನೆಗೆಟಿವ್' ನಂಬಬೇಡಿ. ಫಲಿತಾಂಶ ಅದೇ ದಿನ ಸಿಗದಿದ್ದರೆ ಉಳಿದ ಪಾಲನ್ನು ಫ್ರೀಜ್ ಮಾಡಬೇಕಾಗುತ್ತದೆ. ಸಂಖ್ಯೆ ಮೊದಲೇ ಕಡಿಮೆ, ತೊಳೆದಾಗ ಒಂದಷ್ಟು, ಕರಗಿಸಿದಾಗ ಇನ್ನಷ್ಟು ನಷ್ಟ. ಐಯುಐಗೆ ಸಾಲದೆ ಇಕ್ಸಿಗೆ (ಒಂದೊಂದು ಅಂಡಕ್ಕೆ ಒಂದೇ ವೀರ್ಯಾಣುವನ್ನು ಲ್ಯಾಬಿನಲ್ಲಿ ಚುಚ್ಚಿ ಹಾಕುವುದು) ಹೋಗಬೇಕಾಗಬಹುದು. ಇದನ್ನು ದಂಪತಿಗೆ ಮೊದಲೇ ಹೇಳಿಬಿಡಿ.

ಉತ್ತರ 2:
ಹೆಪಟೈಟಿಸ್ ಬಿಗೆ ತೊಳೆಯುವುದನ್ನು ನೆಚ್ಚಬೇಡಿ, ಆ ವೈರಸ್ಸಿನ ಡಿಎನ್‌ಎ ವೀರ್ಯಾಣುವಿನೊಳಗೇ ಸೇರಬಲ್ಲದು. ಪತ್ನಿಗೆ ಕಾವಲು ಲಸಿಕೆಯೇ: 0, 1, 6 ತಿಂಗಳು. ಕೊನೆಯ ಡೋಸಿನಿಂದ 1-2 ತಿಂಗಳಿಗೆ ಆಂಟಿ-ಎಚ್‌ಬಿಎಸ್ (ಲಸಿಕೆಯಿಂದ ಬಂದ ರಕ್ಷಕ ಪ್ರತಿಕಾಯದ ಮಟ್ಟ) ನೋಡಿ, 10 ಎಂಐಯು/ಮಿ.ಲೀ.ಗಿಂತ ಕಡಿಮೆ ಇದ್ದರೆ ಐಯುಐ ಮುಂದೂಡಿ. ಪುರುಷನ ಮಾತ್ರೆಗಳಲ್ಲಿ ಟೆನೋಫೊವಿರ್ ಇದೆಯೇ ಕೇಳಿ. ಅದು ಎರಡೂ ವೈರಸ್ಸಿಗೆ ಕೆಲಸ ಮಾಡುತ್ತದೆ. ಹಠಾತ್ ನಿಲ್ಲಿಸಿದರೆ ಲಿವರ್ ಉರಿಯೂತ ಕೆರಳಬಹುದು.

ಉತ್ತರ 3:
ಒಂದು ಮಾತು ಸೇರಿಸಲೇಬೇಕು. ವೈರಲ್ ಲೋಡ್ 200ರ ಕೆಳಗೆ ಸ್ಥಿರವಾಗಿದ್ದವರಿಂದ ಲೈಂಗಿಕ ಸಂಪರ್ಕದಲ್ಲಿ ಸಂಗಾತಿಗೆ ಎಚ್‌ಐವಿ ಹರಡಿದ ಒಂದು ಪ್ರಕರಣವೂ ಪಾರ್ಟ್ನರ್ ಅಧ್ಯಯನಗಳಲ್ಲಿ (ಒಬ್ಬರಿಗೆ ಮಾತ್ರ ಎಚ್‌ಐವಿ ಇರುವ ಜೋಡಿಗಳನ್ನು ಗಮನಿಸಿದವು) ಸಿಗಲಿಲ್ಲ. ಇಲ್ಲಿ ತೊಳೆಯುವುದು ಹೆಚ್ಚಾಗಿ ಐಯುಐಗಾಗಿಯೇ, ವೈರಸ್ಸಿಗಾಗಿ ಅಲ್ಲ. ಆದರೆ ಮೂತ್ರನಾಳದ ಸೋಂಕು, ವೀರ್ಯದಲ್ಲಿ ಬಿಳಿ ಕಣಗಳ ಹೆಚ್ಚಳ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಕೊಡಿಸಿ.

ಫ್ರೀಜ್ ಮಾಡುವುದಾದರೆ ಪೂರ್ತಿ ಸೀಲ್ ಆಗುವ ಸ್ಟ್ರಾ, ಪ್ರತ್ಯೇಕ ಟ್ಯಾಂಕ್ ಬೇಕು. ಸ್ಕ್ರೂ ಮುಚ್ಚಳದ ವಯಲ್ ಒಳಕ್ಕೆ ದ್ರವ ಸಾರಜನಕ ನುಗ್ಗುತ್ತದೆ.

ಪ್ರಶ್ನೆ ಕೇಳಿದವರು:
ಮೂರು ಡೋಸ್ ಆದಮೇಲೂ 10 ದಾಟದಿದ್ದರೆ?

ಉತ್ತರ 2:
ಮೊದಲು ಪತ್ನಿಯ ಎಚ್‌ಬಿಎಸ್ ಆಂಟಿಜೆನ್ (ಹೆಪಟೈಟಿಸ್ ಬಿ ಸೋಂಕು ಇದೆ ಎಂದು ತೋರಿಸುವ ಗುರುತು) ಮತ್ತೆ ಪರೀಕ್ಷಿಸಿ, ಸೋಂಕು ಆಗಲೇ ತಗುಲಿರಬಹುದು. ನೆಗೆಟಿವ್ ಇದ್ದರೆ ಮೂರು ಡೋಸಿನ ಇನ್ನೊಂದು ಸುತ್ತು ಕೊಟ್ಟು, 1-2 ತಿಂಗಳ ನಂತರ ಮತ್ತೆ ಅಳೆಯಿರಿ. ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ.