ಪೂರ್ತಿ ಆನ್‌ಲೈನ್ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಅಂತಾರೆ, ದುಡ್ಡು ಕಟ್ಬಹುದಾ?

ಕಾಳಿತೀರ:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ಐಸಿಯು ಸ್ಟಾಫ್ ನರ್ಸ್, ಊರು ಅಂಕೋಲಾ ಹತ್ರ, ಬಿಎಸ್ಸಿ ನರ್ಸಿಂಗ್ ಮುಗ್ಸಿ ಆರು ವರ್ಷ ಆಯ್ತು. ಮುಂದೆ ಓದ್ಬೇಕು ಅಂತ ಮೊದಲಿಂದ್ಲೂ ಇತ್ತು ಆದ್ರೆ ಮಗಳಿಗೆ ಈಗ ಮೂರು ವರ್ಷ, ಅತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಮನೆ ಬಿಟ್ಟು ಹಾಸ್ಟೆಲಲ್ಲಿ ಎರಡು ವರ್ಷ ಇರೂದು ಹ್ಯಾಂಗೆ ಹೇಳಿ.

ಹೋದ ತಿಂಗ್ಳು ಒಂದು ಕನ್ಸಲ್ಟೆನ್ಸಿಯಿಂದ ಫೋನ್ ಬಂತು. ಅಮೆರಿಕದ ಯೂನಿವರ್ಸಿಟಿ, ನರ್ಸ್ ಪ್ರಾಕ್ಟಿಷನರ್ (ಪೇಶಂಟ್ ನೋಡಿ ಔಷಧಿನೂ ಬರಿಯೂ ನರ್ಸ್) ಆಗೂಕೆ ಎಂಎಸ್‌ಎನ್, ಅಂದ್ರೆ ನರ್ಸಿಂಗ್ ಮಾಸ್ಟರ್ಸ್, ಪೂರ್ತಿ ಆನ್‌ಲೈನ್, ಮನೇಲೇ ಕೂತು ಎರಡು ವರ್ಷದಲ್ಲಿ ಮುಗೀತದೆ, ಆಮೇಲೆ ಅಲ್ಲೂ ಕೆಲ್ಸ ಇಲ್ಲೂ ಕೆಲ್ಸ ಅಂದ್ರು. ಸೀಟು ಹಿಡಿದಿಡೂಕೆ 60 ಸಾವಿರ ಈ ವಾರವೇ ಕಟ್ಟಬೇಕಂತೆ. ಕ್ಲಿನಿಕಲ್, ಅಂದ್ರೆ ಪೇಶಂಟ್ ಜೊತೆಗಿನ ಪ್ರಾಕ್ಟಿಕಲ್, ಎಲ್ಲಿ ಮಾಡೂದು ಅಂತ ಕೇಳ್ದೆ, ಅದೆಲ್ಲ ಅಡ್ಮಿಷನ್ ಆದ್ಮೇಲೆ ನೋಡೋಣ ಮೇಡಂ ಅಂದ್ರು. ಅಲ್ಲಿಂದ ಮನಸ್ಸಿಗೆ ಸಮಾಧಾನ ಇಲ್ಲ.

ನನಗೆ ಈ ಓದು ಯಾಕೆ ಬೇಕು ಅಂತಾನೂ ಹೇಳ್ತೇನೆ. ನಮ್ಮ ಜಿಲ್ಲೆ ಕಥೆ ನಿಮಗೆ ಗೊತ್ತಲ್ಲ, ಸ್ವಲ್ಪ ದೊಡ್ಡ ಕೇಸ್ ಬಂತು ಅಂದ್ರೆ ಕಾಳಿ ಸೇತುವೆ ದಾಟಿ ಗೋವಾದ ಬಾಂಬೋಲಿಂಗೋ, ಇಲ್ಲ ಮಣಿಪಾಲಕ್ಕೋ, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೋ ಕಳಿಸ್ಬೇಕು. ಮಳೆಗಾಲದ ರಾತ್ರಿ ಪೇಶಂಟ್ ಜೊತೆ ಅಂಬ್ಯುಲೆನ್ಸಲ್ಲಿ ನಾನೇ ಎಷ್ಟೋ ಸಲ ಹೋಗಿದ್ದೇನೆ, ಬಿಪಿ ಇಳೀತಾ ಇರ್ತದೆ, ಎಂತ ಮಾಡ್ಬೇಕು ಅಂತ ಅರ್ಧ ಗೊತ್ತಿರ್ತದೆ, ಆ ಉಳಿದ ಅರ್ಧ ಕಲೀಬೇಕು ನಂಗೆ. ಸರ್ಟಿಫಿಕೇಟ್ ಗೋಡೆಗೆ ಹಾಕೂಕಲ್ಲ. ಈ ದಾರಿ ಗೊತ್ತಿದ್ದವ್ರು ದಯವಿಟ್ಟು ಹೇಳಿ.

ಘಟ್ಟದ ಮೇಲಿನ ಅಕ್ಕ:

ತಂಗಿ, ಮೊದಲು ಆ 60 ಸಾವಿರ ಕಟ್ಟಬೇಡ. ನಾನು ಶಿರಸಿಯವಳು, ಈಗ ಟೆಕ್ಸಾಸಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್, ಇದೇ ಆನ್‌ಲೈನ್ ದಾರೀಲೇ ಓದಿದ್ದು, ಅದಕ್ಕೇ ಉದ್ದಕ್ಕೆ ಬರೀತಾ ಇದೀನಿ.

ಇಲ್ಲಿ ಆನ್‌ಲೈನ್ ಅಂದ್ರೆ ಥಿಯರಿ ಮಾತ್ರ ಆನ್‌ಲೈನ್. ಫಾರ್ಮಕಾಲಜಿ, ಪ್ಯಾಥೋಫಿಸಿಯಾಲಜಿ ಎಲ್ಲ ಮನೇಲಿ ಓದ್ಬಹುದು, ಆದ್ರೆ ಪೇಶಂಟ್ ಮುಂದೆ ಕೂತು ಮಾಡೋ ಕ್ಲಿನಿಕಲ್ ಅವರ್ಸ್ ಬೇರೆ ಇದೆ, ಮೊದಲು ಕನಿಷ್ಠ 500 ಗಂಟೆ ಅಂತಿತ್ತು, 2022ರ ಹೊಸ ಮಾನದಂಡದಲ್ಲಿ 750ಕ್ಕೆ ಏರಿಸಿದ್ರು, ಡಿಎನ್‌ಪಿ ಅಂದ್ರೆ ನರ್ಸಿಂಗ್ ಡಾಕ್ಟರೇಟ್ ಮಾಡಿದ್ರೆ ಬಿಎಸ್ಸಿ ನರ್ಸಿಂಗ್ ಆದ್ಮೇಲೆ ಸಾಮಾನ್ಯವಾಗಿ ಒಟ್ಟು 1000. ಸಾಮಾನ್ಯವಾಗಿ ಸೇರೋಕೇ ಅಮೆರಿಕದ ಯಾವುದಾದ್ರೂ ರಾಜ್ಯದ ಚಾಲ್ತಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಕೇಳ್ತಾರೆ. ಕ್ಲಿನಿಕಲ್ ಹೆಚ್ಚಾಗಿ ನೀನು ಇರೋ ರಾಜ್ಯದಲ್ಲೇ ಮಾಡ್ಬೇಕು, ಆ ಕಾಲೇಜಿಗೆ ಆ ರಾಜ್ಯದಲ್ಲಿ ಕಲಿಸೋ ಅನುಮತಿ ಇದ್ಯಾ ಅಂತಾನೂ ನೋಡ್ಬೇಕು. ಕಾರವಾರದಲ್ಲಿ ಕೂತು ಇದನ್ನೆಲ್ಲ ಮುಗಿಸ್ತೀವಿ ಅಂತ ಅವ್ರು ಯಾವ ಧೈರ್ಯದಲ್ಲಿ ಹೇಳಿದ್ರೋ.

ಇನ್ನು ಪ್ರಿಸೆಪ್ಟರ್ ವಿಷಯ, ಇದೇ ದೊಡ್ಡದು. ಪ್ರಿಸೆಪ್ಟರ್ ಅಂದ್ರೆ ತಮ್ಮ ಕ್ಲಿನಿಕ್ಕಲ್ಲಿ ನಿನ್ನ ಪಕ್ಕ ಕೂರಿಸ್ಕೊಂಡು ಕಲಿಸೋ ಡಾಕ್ಟ್ರು ಅಥವಾ ಎನ್‌ಪಿ (ನರ್ಸ್ ಪ್ರಾಕ್ಟಿಷನರ್). ಕೆಲವು ಕಾಲೇಜು ಅವರೇ ಹುಡುಕಿ ಕೊಡ್ತಾರೆ, ತುಂಬ ಕಡೆ ಸ್ಟೂಡೆಂಟೇ ಹುಡುಕ್ಕೋಬೇಕು. ನಮ್ಮ ಕಾಲೇಜಲ್ಲಿ ಸಹಾಯ ಮಾಡ್ತೀವಿ ಅಂದಿದ್ರು, ಕೊನೆಗೆ ಒಂದು ಲಿಸ್ಟ್ ಮೇಲ್ ಮಾಡಿ ಸುಮ್ನಾದ್ರು. ವಾರಕ್ಕೆ ಮೂರು ರಾತ್ರಿ ಹನ್ನೆರಡು ಗಂಟೆ ಡ್ಯೂಟಿ, ಬೆಳಿಗ್ಗೆ ಮನೆಗೆ ಬಂದು ಮಲಗೋ ಬದಲು ಕ್ಲಿನಿಕ್ಕಿಂದ ಕ್ಲಿನಿಕ್ಕಿಗೆ ಫೋನ್ ಮಾಡ್ತಿದ್ದೆ, ನಲವತ್ತು ಕಡೆ ಕೇಳಿರ್ಬಹುದು, ಪೀಡಿಯಾಟ್ರಿಕ್ ರೊಟೇಶನ್ನಿಗೆ, ಅಂದ್ರೆ ಮಕ್ಕಳ ವಿಭಾಗದ ಕ್ಲಿನಿಕಲ್‌ಗೆ, ಯಾರೂ ಸಿಗದೇ ಒಂದು ಸೆಮಿಸ್ಟರ್ ಹೋಯ್ತು, ಫೀಸೂ ಹೋಯ್ತು. ಕಾರಲ್ಲಿ ಕೂತು ಅತ್ತಿದ್ದು ಈಗ್ಲೂ ನೆನಪಿದೆ. ಅದಕ್ಕೇ ಯಾರು ಕೇಳಿದ್ರೂ ನಾನು ಮೊದಲು ಹೇಳೋದು, ಫೀಸ್ ಎಷ್ಟು ಅಂತ ಆಮೇಲೆ ಕೇಳಿ, ಕ್ಲಿನಿಕಲ್ ಯಾರು ಕೊಡ್ತಾರೆ ಅಂತ ಮೊದಲು ಕೇಳಿ, ಅದೂ ಬರವಣಿಗೇಲಿ.

ಅಕ್ರೆಡಿಟೇಶನ್ನೂ ಅಷ್ಟೇ ಮುಖ್ಯ. ನರ್ಸಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆಗಳಿವೆ, ಸಿಸಿಎನ್‌ಇ ಅಥವಾ ಎಸಿಇಎನ್ ಮಾನ್ಯತೆ ಇರ್ಬೇಕು, ಎನ್‌ಎಲ್‌ಎನ್ ಸಿಎನ್‌ಇಎ ಅಂತ ಇನ್ನೊಂದಿದೆ, ಇವು ಯಾವುದೂ ಇಲ್ಲದ ಕಡೆ ಓದಿದ್ರೆ ಎಎನ್‌ಸಿಸಿ, ಎಎಎನ್‌ಪಿಸಿಬಿ ಅನ್ನೋ ಸಂಸ್ಥೆಗಳು ನಡೆಸೋ ಎನ್‌ಪಿ ಸರ್ಟಿಫಿಕೇಶನ್ ಪರೀಕ್ಷೆಗೆ ಕೂರೋಕೇ ಬಿಡಲ್ಲ. ಮತ್ತೆ ಟ್ರ್ಯಾಕ್, ಅಂದ್ರೆ ಯಾವ ವಿಭಾಗದ ಎನ್‌ಪಿ ಅನ್ನೋದು, ನೀನು ಐಸಿಯುನವಳು, ನಿಂಗೆ ಒಗ್ಗೋದು ಗಂಭೀರ ಪೇಶಂಟ್ ನೋಡೋ ಅಕ್ಯೂಟ್ ಕೇರ್, ಎಲ್ಲರೂ ಫ್ಯಾಮಿಲಿ ತಗೋತಾರೆ ಅಂತ ಅದಕ್ಕೆ ಸೇರಿದ್ರೆ ಆಮೇಲೆ ಬದಲಾಯಿಸೋಕೆ ಮತ್ತೆ ಪೋಸ್ಟ್ ಮಾಸ್ಟರ್ಸ್ ಸರ್ಟಿಫಿಕೇಟ್ ಮಾಡ್ಬೇಕು. ಮುಗಿದ ಮೇಲೂ ರಾಜ್ಯದಿಂದ ರಾಜ್ಯಕ್ಕೆ ಫರಕ್ ಇದೆ, ಅರಿಝೋನಾದಲ್ಲಿ ಎನ್‌ಪಿ ಸ್ವತಂತ್ರವಾಗಿ ನೋಡ್ಬಹುದು, ನಮ್ಮ ಟೆಕ್ಸಾಸಲ್ಲಿ ಔಷಧಿ ಬರೀಬೇಕು ಅಂದ್ರೆ ಡಾಕ್ಟ್ರ ಜೊತೆ ಒಪ್ಪಂದ ಬೇಕು.

ನೀನು ಬರೆದಿದ್ದು ಓದಿ ಒಂದು ನೆನಪಾಯ್ತು. ಈ ನರ್ಸ್ ಪ್ರಾಕ್ಟಿಷನರ್ ಅನ್ನೋದು ಹುಟ್ಟಿದ್ದೇ 1965ರಲ್ಲಿ ಕೊಲೊರಾಡೋದಲ್ಲಿ, ಲೊರೆಟಾ ಫೋರ್ಡ್ ಅನ್ನೋ ನರ್ಸು, ಹೆನ್ರಿ ಸಿಲ್ವರ್ ಅನ್ನೋ ಮಕ್ಕಳ ಡಾಕ್ಟ್ರು ಸೇರಿ ಶುರು ಮಾಡಿದ್ದು, ಡಾಕ್ಟ್ರು ಸಾಲದ ಕಡೆಯ ಮಕ್ಕಳಿಗೋಸ್ಕರ. ನಮ್ಮ ಕಡೆಯಂಥ ಜಾಗಕ್ಕೇ ಬೇಕಾದ್ದು ಅದು.

ಹುಬ್ಬಳ್ಳಿ ಟ್ಯೂಟರ್:

ಅಕ್ಕೋರು ಅಮೆರಿಕದ್ದು ಸರಿಯಾಗಿ ಹೇಳ್ಯಾರ, ನಾ ಇಲ್ಲಿದು ಹೇಳ್ತೀನಿ. ನಾನು ಕುಮಟಾದವ, ಹುಬ್ಬಳ್ಳ್ಯಾಗ ನರ್ಸಿಂಗ್ ಕಲಿಸ್ತೀನಿ. ಯುಜಿಸಿಯ 2020ರ ದೂರಶಿಕ್ಷಣ ಮತ್ತು ಆನ್‌ಲೈನ್ ನಿಯಮದಾಗ ಆ ರೀತಿ ಕಲಿಸಬಾರದ ಕೋರ್ಸ್‌ಗಳ ಪಟ್ಟಿ ಐತಿ, ಅದರಾಗ ನರ್ಸಿಂಗ್ ಹೆಸರು ಸ್ಪಷ್ಟ ಐತಿ. ಮ್ಯಾಲ ಅಮೆರಿಕದ ಎನ್‌ಪಿ ಡಿಗ್ರಿ ಇದ್ರೂ ಕಾರವಾರದಾಗ ಕೂತು ಸ್ವಂತ ಔಷಧಿ ಚೀಟಿ ಬರಿಯಾಕ ಆಗೂದಿಲ್ಲ. ಇಲ್ಲೂ ಕೆಲ್ಸ ಅಂದದ್ದು ಸುಳ್ಳು.

ನಿಮಗ ಬೇಕಾದ್ದು ನಮ್ಮ ದೇಶದಾಗೇ ಐತಿ ತಂಗಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್, ಎನ್‌ಪಿಸಿಸಿ ಅಂತಾರ, ಎರಡು ವರ್ಷದ ರೆಸಿಡೆನ್ಸಿ, ಅಂದ್ರ ಆಸ್ಪತ್ರ್ಯಾಗ ಕೆಲಸ ಮಾಡ್ತಾ ಕಲಿಯೂದು. ಬಿಎಸ್ಸಿ ನರ್ಸಿಂಗ್, ರಿಜಿಸ್ಟ್ರೇಶನ್, ಕನಿಷ್ಠ ಒಂದು ವರ್ಷ ಅನುಭವ ಬೇಕು, ಐಸಿಯು ಅನುಭವ ಇದ್ರ ಇನ್ನೂ ಛಲೋ. ಥಿಯರಿ 20 ಭಾಗ ಆದ್ರ ಕ್ಲಿನಿಕಲ್ 80 ಭಾಗ. ವೆಂಟಿಲೇಟರ್, ಎಬಿಜಿ (ರಕ್ತದಾಗಿನ ಆಮ್ಲಜನಕದಂಥವು ನೋಡೂ ಪರೀಕ್ಷೆ), ಐನೋಟ್ರೋಪ್ಸ್ (ಹೃದಯದ ಬಡಿತಕ್ಕ ಬಲ ಕೊಡೂ ಔಷಧಿ), ಟ್ರಾನ್ಸ್‌ಪೋರ್ಟ್ ಟೈಮಿನ್ಯಾಗ ಪೇಶಂಟ್ ಕುಸಿದ್ರ ಏನು ಅನ್ನೂದು ಬೆಡ್ ಪಕ್ಕದಾಗ ನಿಂತೇ ಕಲಿಯೂದು. ಸರ್ವೀಸ್‌ದಾಗ ಇದ್ದವ್ರಿಗೆ ಸಂಬಳ ನಡೀಬೇಕು ಅಂತ ಕೌನ್ಸಿಲ್ ನಿಯಮ ಹೇಳ್ತದ, ನಿಮ್ಮ ಆಸ್ಪತ್ರ್ಯಾಗ ಅದನ್ನ ಬರದು ಕೊಡ್ತಾರೇನು ಮೊದಲು ಕೇಳ್ರಿ. ಕಾಲೇಜಿಗೆ ಮಾನ್ಯತೆ ಐತೇನು ಅಂತ ಕೌನ್ಸಿಲ್ ವೆಬ್‌ಸೈಟಿನ ಪಟ್ಟಿ ನೋಡ್ರಿ, ಬ್ರೋಷರ್ ನಂಬಬ್ಯಾಡ್ರಿ. ಹೆರಿಗೆ ಕಡೆ ಮನಸ್ಸಿದ್ರ 18 ತಿಂಗಳ ನರ್ಸ್ ಪ್ರಾಕ್ಟಿಷನರ್ ಇನ್ ಮಿಡ್‌ವೈಫರಿನೂ ಐತಿ, 2018ರ ಮಾರ್ಗಸೂಚಿಯಿಂದ ಬಂದದ್ದು.

ಹೊನ್ನಾವರ ಭಟ್ಟರ ಮನೆ:

ನನ್ನ ತಮ್ಮನ ಹೆಂಡ್ತಿ ಹೀಗೇ ಒಬ್ಬ ಏಜೆಂಟನಿಗೆ ಕಟ್ಟಿ ಒಂದೂವರೆ ವರ್ಷ ಆಯ್ತು, ರಸೀದಿಯಲ್ಲಿ ಕೌನ್ಸೆಲಿಂಗ್ ಫೀ ಅಂತ ಬರೆದಿದ್ದಾರೆ, ವಾಪಸ್ ಇಲ್ಲ. ಈ ವಾರವೇ ಅಂತ ಅವಸರ ಮಾಡಿದ್ರೆ ಅಲ್ಲೇ ನಿಲ್ಲಿಸಿ.

ಕಾಳಿತೀರ:

ಅಕ್ಕಾ, ಸರ್, ಭಟ್ರೇ, ಎಲ್ಲರಿಗೂ ಬಾಳ ಉಪಕಾರ ಆಯ್ತು. ನಿನ್ನೆ ಆ ಕನ್ಸಲ್ಟೆನ್ಸಿಯವ್ರಿಗೆ ಮೂರೇ ಪ್ರಶ್ನೆ ಮೆಸೇಜ್ ಮಾಡ್ದೆ, ಮಾನ್ಯತೆ ಯಾವ್ದು, ಆರ್‌ಎನ್ ಲೈಸೆನ್ಸ್ ಇಲ್ದೇ ಹ್ಯಾಂಗೆ ಸೇರಿಸ್ತೀರಿ, ಕ್ಲಿನಿಕಲ್ ಯಾವ ಊರಲ್ಲಿ. ನೋಡಿದ್ದಾರೆ, ಉತ್ತರ ಇಲ್ಲ. ದುಡ್ಡು ಕಟ್ಟೂದಿಲ್ಲ ಅಂತ ಮನೇಲೂ ಹೇಳಿ ಆಯ್ತು.

ಎನ್‌ಪಿಸಿಸಿ ಓದಿ ಆಸೆ ಹುಟ್ಟಿದೆ ಆದ್ರೆ ರೆಸಿಡೆನ್ಸಿ ಅಂದ್ರೆ ಅಲ್ಲೇ ಇರ್ಬೇಕಲ್ಲ ಸರ್, ಅದೇ ಚಿಂತೆ. ಮಗಳು ಶಾಲೆಗೆ ಸೇರಿದ್ಮೇಲೆ ಅಮ್ಮ ಅಂಕೋಲಾದಿಂದ ಬಂದು ಇರ್ತೇನೆ ಅಂದಿದ್ದಾಳೆ. ಅಲ್ಲೀವರೆಗೆ ಎಂತ ಮಾಡ್ಬಹುದು?

ಹುಬ್ಬಳ್ಳಿ ಟ್ಯೂಟರ್:

ಬಿಎಲ್‌ಎಸ್, ಎಸಿಎಲ್‌ಎಸ್ ಅಂತ ಹೃದಯ ನಿಂತಾಗ ಜೀವ ಉಳಿಸೂ ತರಬೇತಿ ಅದಾವ, ಮುಗಿಸ್ರಿ, ಎರಡೂ ಕೆಲವೇ ದಿನದ್ದು. ಅನುಭವದ ಸರ್ಟಿಫಿಕೇಟಿನ್ಯಾಗ ಐಸಿಯು ಅಂತ ಸ್ಪಷ್ಟ ಬರಿಸ್ಕೊಳ್ರಿ, ಬರೇ ಸ್ಟಾಫ್ ನರ್ಸ್ ಅಂತ ಕೊಟ್ರ ಮುಂದ ತ್ರಾಸ ಆಗ್ತದ. ಸ್ಟೇಟ್ ಕೌನ್ಸಿಲ್ ರಿಜಿಸ್ಟ್ರೇಶನ್ ರಿನೀವಲ್ ಆಗೇತೇನು ನೋಡ್ರಿ.

ಘಟ್ಟದ ಮೇಲಿನ ಅಕ್ಕ:

ಅಮೆರಿಕದ ಆಸೆ ಪೂರ್ತಿ ಬಿಟ್ಟಿಲ್ಲ ಅಂದ್ರೆ ಆರ್‌ಎನ್ ಲೈಸೆನ್ಸಿನ ಪರೀಕ್ಷೆ ಎನ್‌ಕ್ಲೆಕ್ಸ್ ಇದೆ, ಬೆಂಗಳೂರಲ್ಲೇ ಬರೀಬಹುದು. ಆರ್‌ಎನ್ ಆಗಿ ಬಂದು ಆಮೇಲೆ ಎನ್‌ಪಿ ಓದೋದು, ನಾನು ಬಂದಿದ್ದೂ ಹಾಗೇ. ಡಿಸೆಂಬರಿಗೆ ಶಿರಸಿಗೆ ಬರ್ತೀನಿ, ದೇವಿಮನೆ ಘಟ್ಟ ಇಳಿದು ಒಂದಿನ ಕಾರವಾರಕ್ಕೂ ಬರ್ತೀನಿ, ನನ್ನ ಹಳೇ ಫಾರ್ಮಕಾಲಜಿ ಪುಸ್ತಕ ತರ್ಲಾ?

ಕಾಳಿತೀರ:

ತನ್ನಿ ಅಕ್ಕಾ, ಊಟಕ್ಕೆ ಮನೆಗೇ ಬನ್ನಿ.