ಹಾಸನದಲ್ಲಿ ಮನೆ ರೇಟು ಇನ್ನೂ ಏರುತ್ತಾ? ಈಗಲೇ ತಗೊಳ್ಳಲಾ, ಕಾಯಲಾ?

ವಿದ್ಯಾನಗರದ ಮೇಷ್ಟ್ರು:
ನಮಸ್ಕಾರ. ನಾನು ಹೈಸ್ಕೂಲ್ ಮೇಷ್ಟ್ರು. ಹೆಂಡತಿ, ಇಬ್ಬರು ಮಕ್ಕಳು, ಅಮ್ಮ ಜೊತೆಗಿದ್ದಾರೆ. ವಿದ್ಯಾನಗರದಲ್ಲಿ ತಿಂಗಳಿಗೆ 10 ಸಾವಿರ ಬಾಡಿಗೆ. ಸಾಲಗಾಮೆ ರಸ್ತೆ ಕಡೆ 30×40 ಸೈಟಿನಲ್ಲಿ 12 ವರ್ಷ ಹಳೆಯ ಮನೆಯೊಂದು ಸಿಕ್ಕಿದೆ. 60 ಲಕ್ಷ ಹೇಳುತ್ತಿದ್ದಾರೆ. ಕೈಯಲ್ಲಿ 20 ಇದೆ, ಉಳಿದ 40 ಸಾಲ ಆಗಬೇಕು. ಬೂವನಹಳ್ಳಿಯ ಹೊಸ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿದ ಮೇಲೆ ಈ ದುಡ್ಡಿಗೆ ಬರೀ ಸೈಟೂ ಸಿಗಲ್ಲ ಅಂತ ಬ್ರೋಕರ್ ದಿನಾ ಫೋನ್ ಮಾಡುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ನಿಜಕ್ಕೂ ಏರುತ್ತಾ?

ಅರಸೀಕೆರೆ ರಸ್ತೆ:
ತಗೊಂಡುಬಿಡಿ ಸಾರ್. ನಮ್ಮ ಮಾವ 2009ರಲ್ಲಿ ಕೈಗೆ ಬಂದ ಸೈಟು ಬಿಟ್ಟರು. ಇವತ್ತಿಗೂ ಊಟಕ್ಕೆ ಕೂತಾಗ ಅದೇ ಮಾತು.

ಸಿಮೆಂಟ್ ಅಂಗಡಿ:
ಮೇಷ್ಟ್ರೇ, 22 ವರ್ಷದಿಂದ ಸಿಮೆಂಟು, ಕಂಬಿ ಮಾರುತ್ತಿದ್ದೇನೆ. ಊರಲ್ಲಿ ಯಾರು ಪಾಯ ತೆಗೆದರು, ಯಾರು ಅರ್ಧಕ್ಕೆ ನಿಲ್ಲಿಸಿದರು ಅನ್ನೋದು ನನ್ನ ಲೆಕ್ಕದ ಪುಸ್ತಕದಲ್ಲೇ ಗೊತ್ತಾಗುತ್ತೆ.

ಏರುವ ಲಕ್ಷಣ ಇದೆ. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, 2025ರ ಶುರುವಿನಲ್ಲಿ ಶೇ 6.5 ಇದ್ದದ್ದು ಡಿಸೆಂಬರ್ ಹೊತ್ತಿಗೆ ಶೇ 5.25ಕ್ಕೆ ಇಳಿಯಿತು. ಅದು ಇಳಿದರೆ ಮನೆ ಸಾಲದ ಬಡ್ಡಿಯೂ ಇಳಿಯುತ್ತೆ. ನಿಮ್ಮ 40 ಲಕ್ಷಕ್ಕೆ 20 ವರ್ಷದ ಕಂತು, ಬಡ್ಡಿ ಶೇ 9 ಇದ್ದರೆ ಸುಮಾರು 36 ಸಾವಿರ, ಶೇ 8 ಆದರೆ 33,500. ಕಂತು ಇಳಿದರೆ ಕೊಳ್ಳುವವರು ಜಾಸ್ತಿ ಆಗುತ್ತಾರೆ. ಅದು ಮಾರುವವರಿಗೂ ಗೊತ್ತು. ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಸಕಲೇಶಪುರ, ಆಲೂರು ಕಡೆಯ ದುಡ್ಡೂ ಹಾಸನದ ಸೈಟಿಗೆ ಬರುತ್ತೆ. ಅಂಗಡಿಯಲ್ಲಿ ಕೂತು ಕಣ್ಣಾರೆ ನೋಡಿದ್ದೇನೆ. ಆದರೆ ವಿಮಾನದ ಮಾತು ಕೇಳಿ ಅವಸರ ಪಡಬೇಡಿ. ನಾನು ಅಂಗಡಿ ಇಡುವ ಮುಂಚಿನಿಂದಲೂ ಆ ಮಾತಿದೆ.

ಈಗ ಲೆಕ್ಕ ನೋಡಿ. ನಿಮ್ಮ ಬಾಡಿಗೆ ವರ್ಷಕ್ಕೆ 1.2 ಲಕ್ಷ. 60 ಲಕ್ಷಕ್ಕೆ ಅದು ನೂರಕ್ಕೆ ಎರಡು. ಸಾಲದ ಬಡ್ಡಿ ನೂರಕ್ಕೆ ಎಂಟರ ಹತ್ತಿರ. ದುಡ್ಡಿನಲ್ಲಿ ಸರಿಸಮ ಆಗಬೇಕಾದರೂ ಮನೆ ವರ್ಷಾ ವರ್ಷ ನೂರಕ್ಕೆ ಆರರಂತೆ ಏರುತ್ತಲೇ ಇರಬೇಕು. ಏರುವುದು ಸೈಟು, ಗೋಡೆ ಹಳೆಯದಾಗುತ್ತಾ ಹೋಗುತ್ತೆ. ರಿಜಿಸ್ಟ್ರೇಷನ್ ಖರ್ಚು ಬೇರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಮುದ್ರಾಂಕ, ಸೆಸ್ಸು ಎಲ್ಲ ಸೇರಿ ಶೇ 7.6. 60 ಲಕ್ಷಕ್ಕೆ ಸುಮಾರು ನಾಲ್ಕೂವರೆ ಲಕ್ಷ. ಇದನ್ನು ಬ್ರೋಕರ್ ಹೇಳಿದ್ದಾರಾ?

ಇನ್ನು, ರೇಟು ಏರಿದರೂ ನಿಮಗೆ ಏನು ಬಂತು? ಮಾರಿದರೆ ಇರೋಕೆ ಇನ್ನೊಂದು ಮನೆ ಬೇಕು, ಅದೂ ಏರಿರುತ್ತೆ. ವಾಸಕ್ಕೆ ತಗೊಳ್ಳುವವರು ರೇಟು ಏರುತ್ತೆ ಅಂತ ಹೆದರಿ ಕೊಳ್ಳೋಕೆ ಓಡಬಾರದು ಅನ್ನೋದು ಅದಕ್ಕೇ.

ನಮ್ಮ ಅಂಗಡಿ ಹಿಂದಿನ ಬೀದಿಯಲ್ಲಿ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು ಕಿಟಕಿಯ ಎತ್ತರಕ್ಕೆ, ನಿಂತುಹೋದ ಮನೆ ಇದೆ. ಏಳು ವರ್ಷ ಆಯ್ತು. ಮುಂದಿನ ವರ್ಷ ಡಬಲ್ ಆಗುತ್ತೆ ಅಂತ ಇದ್ದಬದ್ದದ್ದೆಲ್ಲ ಸೈಟಿಗೆ ಸುರಿದರು, ಕಟ್ಟೋಕೆ ಉಳಿಯಲಿಲ್ಲ. ಪಿಲ್ಲರ್ ಮೇಲೆ ಎದ್ದು ನಿಂತ ಕಂಬಿ ತುಕ್ಕು ಹಿಡಿದಿದೆ. ಮಳೆ ಬಂದಾಗಲೆಲ್ಲ ಕೆಂಪು ನೀರು ಇಳಿದು ಪಿಲ್ಲರ್ ಉದ್ದಕ್ಕೂ ಗೆರೆ ಬಿದ್ದಿದೆ. ಆ ಕಂಬಿ ಕೊಟ್ಟವನು ನಾನೇ. ಅವರು ಈಗಲೂ ಬಾಡಿಗೆ ಮನೆಯಲ್ಲೇ ಇದ್ದಾರೆ. ಆ ದಾರಿಯಲ್ಲಿ ಹೋಗುವಾಗ ಸಂಕಟ ಆಗುತ್ತೆ.

33,500 ಕಂತು ಕಟ್ಟಿದ ಮೇಲೂ ಮಕ್ಕಳ ಫೀಸು, ಅಮ್ಮನ ಔಷಧಿಗೆ ಉಳಿಯುತ್ತಾ? ಹತ್ತು ವರ್ಷ ಅಲ್ಲೇ ಇರುತ್ತೀರಾ? ಎರಡಕ್ಕೂ ಹೌದು ಅಂದರೆ ತಗೊಳ್ಳಿ. ಇಲ್ಲ ಅಂದರೆ ಚಿಕ್ಕ ಮನೆ ನೋಡಿ.

ಕುವೆಂಪುನಗರದ ಅಕ್ಕ:
ಅಣ್ಣ ಹೇಳಿದ ಲೆಕ್ಕ ಸರಿ. ಆದರೆ ನಾವು ಮನೆ ತಗೊಂಡಿದ್ದು ಲೆಕ್ಕ ನೋಡಿ ಅಲ್ಲ. ಅತ್ತೆಯ ಒರಳು ಕಲ್ಲು ಐದು ಬಾಡಿಗೆ ಮನೆ ಸುತ್ತಿದೆ. ಮಹಡಿ ಮೇಲೆ ರುಬ್ಬಿದರೆ ಕೆಳಗೆ ಸದ್ದಾಗುತ್ತೆ ಅಂತ ಓನರ್ ಬೈದ ದಿನದಿಂದ ಅದು ಮೆಟ್ಟಿಲ ಕೆಳಗೆ ಬಿದ್ದಿತ್ತು. ಸ್ವಂತ ಮನೆಗೆ ಬಂದ ದಿನ ಅತ್ತೆ ಮೊದಲು ಹಿತ್ತಲಲ್ಲಿ ಅದಕ್ಕೆ ಜಾಗ ತೋರಿಸಿ, ಸುತ್ತ ಗಾರೆ ಹಾಕಿಸಿದರು. ಈಗ ಮನೆಯ ರೇಟು ಎಷ್ಟಾಗಿದೆ ಅಂತ ನಾವು ಯಾರನ್ನೂ ಕೇಳಿಲ್ಲ.

ವಿದ್ಯಾನಗರದ ಮೇಷ್ಟ್ರು:
ಅಕ್ಕ, ನಿಮ್ಮದನ್ನು ಅಮ್ಮನಿಗೆ ಓದಿ ಹೇಳಿದೆ. ಸುಮ್ನೆ ಕೂತಿದ್ದರು, ಆಮೇಲೆ ಆ ಮನೆಗೆ ಹಿತ್ತಲಿದೆಯಾ ಅಂತ ಕೇಳಿದರು. ನಾನು ನೋಡೇ ಇಲ್ಲ! ಭಾನುವಾರ ಅವರನ್ನೂ ಕರೆದುಕೊಂಡು ಹೋಗುತ್ತೇನೆ.

ಸಿಮೆಂಟ್ ಅಂಗಡಿ:
ಒಳ್ಳೇದು. ಇ-ಖಾತಾ, ಮೂಲ ಪತ್ರ ಕೇಳಿ, ಆಸ್ತಿ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿ, ವಕೀಲರಿಗೆ ತೋರಿಸಿ. ಆಮೇಲೆ ಮಳೆ ಬಿದ್ದ ಮಾರನೇ ದಿನ ಇನ್ನೊಂದು ಸಲ ಹೋಗಿ, ಸೂರು ಸೋರಿದೆಯಾ ಅಂತ ತಲೆ ಎತ್ತಿ ನೋಡಿ. ಬೇಕಾದರೆ ನಾನೂ ಒಬ್ಬ ಮೇಸ್ತ್ರಿ ಕರೆದುಕೊಂಡು ಬರುತ್ತೇನೆ.