ಕನ್ನಡ ಎಂ.ಎ.ಗೆ ಮಾನಸಗಂಗೋತ್ರಿಯೋ ಹೇಮಗಂಗೋತ್ರಿಯೋ? ಎಲ್ಲಿ ಏನಿದೆ, ಗೊತ್ತಿದ್ದವರು ಹೇಳಿ

ಹೊಳೆನರಸೀಪುರದ ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ವರ್ಷ ಬಿ.ಎ. ಮುಗಿಸಿದಳು. ಕನ್ನಡ ಎಂ.ಎ. ಮಾಡಲೇಬೇಕು ಅಂತ ಹಟ ಹಿಡಿದಿದ್ದಾಳೆ. ನಮ್ಮ ಮನೆಯಲ್ಲಿ ಇಷ್ಟು ಓದಿದವರು ಯಾರೂ ಇಲ್ಲ. ಹಾಸನದ ಹೇಮಗಂಗೋತ್ರಿ ನಮಗೆ ಹತ್ತಿರ, ದಿನಾ ಹೋಗಿ ಬರಬಹುದು. ಮೈಸೂರಾದರೆ ಹಾಸ್ಟೆಲ್ ಬೇಕು. ಅಪ್ಪ ಅಮ್ಮ ಹಾಸನವೇ ಸಾಕು ಅಂತಾರೆ. ಅವಳು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯೇ ಬೇಕು ಅಂತಾಳೆ.

ಹೋದ ವಾರ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಸ್ಟೇಷನ್‌ನಲ್ಲಿ ಆಟೋದವರಿಗೆ 'ಯೂನಿವರ್ಸಿಟಿ' ಅಂದೆ. ಕ್ರಾಫರ್ಡ್ ಹಾಲ್ ಮುಂದೆ ಇಳಿಸಿದರು. ಅಲ್ಲಿ ನೋಡಿದರೆ ಬರೀ ಆಫೀಸುಗಳು. ಇನ್ನೊಂದು ಆಟೋ ಹಿಡಿದು ಕೆರೆ ಬಳಸಿಕೊಂಡು ಹೋದೆವು, ವಾಕ್ ಶ್ರವಣ ಸಂಸ್ಥೆಯ ಗೇಟಿನ ಮುಂದೆ ನಿಂತಿದ್ದೆವು. ಅಲ್ಲೂ ವಿಳಾಸದಲ್ಲಿ ಮಾನಸಗಂಗೋತ್ರಿ ಅಂತಲೇ ಇತ್ತು. ಅಷ್ಟರಲ್ಲಿ ವಾಪಸ್ ರೈಲಿಗೆ ಹೊತ್ತಾಯಿತು. ಕನ್ನಡ ವಿಭಾಗ ನೋಡದೇ ಬಂದೆವು. ತಂಗಿ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಎಲ್ಲಿ ಏನಿದೆ ಅಂತ ಯಾರಾದರೂ ಬಿಡಿಸಿ ಹೇಳಿದರೆ ತುಂಬಾ ಉಪಕಾರ.

ಗಂಗೋತ್ರಿ ಹಳೆ ವಿದ್ಯಾರ್ಥಿನಿ

ಅಣ್ಣ, ನಿಮ್ಮ ತಂಗಿ ಯಾಕೆ ಮಾತಾಡಲಿಲ್ಲ ಅಂತ ನನಗೆ ಅರ್ಥವಾಗುತ್ತದೆ. ನಾನು ಕೆ.ಆರ್. ನಗರದ ಪಕ್ಕದ ಹಳ್ಳಿಯವಳು. ಕನ್ನಡ ಎಂ.ಎ. ಮಾಡಿದ್ದು ಮಾನಸಗಂಗೋತ್ರಿಯಲ್ಲಿ. ಅವಳ ವಯಸ್ಸಿನಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು.

ಮೊದಲು ಜಾಗದ ವಿಚಾರ. ಕುಕ್ಕರಹಳ್ಳಿ ಕೆರೆ ನಡುವೆ ಇದೆ ಅಂದುಕೊಳ್ಳಿ. ಕೆರೆಯ ಪೂರ್ವಕ್ಕೆ, ಊರಿನ ಕಡೆ, ಕ್ರಾಫರ್ಡ್ ಹಾಲ್. ಕುಲಪತಿಗಳ ಕಚೇರಿ, ಆಡಳಿತ ಎಲ್ಲ ಅಲ್ಲಿ. ಮಹಾರಾಜ ಕಾಲೇಜು, ಯುವರಾಜ ಕಾಲೇಜು ಕೂಡ ಆ ಕಡೆಗೇ ಬರುತ್ತವೆ. ಕೆರೆಯ ಪಶ್ಚಿಮಕ್ಕೆ ಮಾನಸಗಂಗೋತ್ರಿ, 739 ಎಕರೆ. ಎಂ.ಎ., ಎಂ.ಎಸ್ಸಿ. ಕ್ಲಾಸುಗಳು ನಡೆಯುವುದು ಇಲ್ಲಿ. ಅದೇ ಸುತ್ತಿನಲ್ಲಿ ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ ಇವೆ. ಅವು ಕೇಂದ್ರ ಸರ್ಕಾರದವು, ಆಡಳಿತ ಬೇರೆ. ಪಕ್ಕದಲ್ಲೇ ಮುಕ್ತಗಂಗೋತ್ರಿ ಇದೆ, ಅದು ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಹೊಸದಾಗಿ ಬಂದವರು ಇಲ್ಲೇ ದಾರಿ ತಪ್ಪುವುದು. ಇನ್ನೊಂದು ಸಲ ಬಂದಾಗ ಆಟೋದವರಿಗೆ 'ಗಂಗೋತ್ರಿ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ' ಅಂತ ಪೂರ್ತಿ ಹೇಳಿ.

ಆ ಸಂಸ್ಥೆಯೇ ನಿಮ್ಮ ತಂಗಿ ಓದುವ ಜಾಗ. 14 ಸಂಪುಟಗಳ ಕನ್ನಡ ವಿಶ್ವಕೋಶ ತಯಾರಾದದ್ದು ಅಲ್ಲಿ. ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಸಂಪುಟಗಳು, ಅಂದರೆ ಜಿಲ್ಲೆ ಜಿಲ್ಲೆಯ ಶಾಸನಗಳ ಪಾಠ, ಹೊರಬಂದದ್ದೂ ಅಲ್ಲಿಂದಲೇ. ಮೊದಲ ತಿಂಗಳಲ್ಲೇ ನಾನು ನಮ್ಮ ತಾಲ್ಲೂಕಿನ ಪುಟಗಳನ್ನು ತೆಗೆದು ಕೂತಿದ್ದೆ. ನಾನು ದನ ಮೇಯಿಸಿದ ಊರುಗಳ ಹೆಸರು ಅದರಲ್ಲಿತ್ತು. ಅವತ್ತು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಇನ್ನೊಂದು ಪ್ರಾಚ್ಯವಿದ್ಯಾ ಸಂಶೋಧನಾಲಯ. ಅದಿರುವುದು ಕ್ರಾಫರ್ಡ್ ಹಾಲ್ ಕಡೆ, ನೀವು ಇಳಿದಿರಲ್ಲ, ಅಲ್ಲೇ ಹತ್ತಿರ. 1891ರಲ್ಲಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಇಲ್ಲಿ. ಅಚ್ಚಾದದ್ದು 1909ರಲ್ಲಿ. ನಮ್ಮ ಮೇಷ್ಟ್ರು ಒಂದು ದಿನ ಅನುಮತಿ ಪಡೆದು ಕರೆದುಕೊಂಡು ಹೋಗಿದ್ದರು. ಒಂದು ಬಿಡಿ ಗರಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೊದಲು ನನಗೆ ಕಂಡದ್ದು ಬರೀ ಗೀರು. ಕಂಟದಿಂದ, ಅಂದರೆ ಚೂಪಾದ ಕಬ್ಬಿಣದ ಕಡ್ಡಿಯಿಂದ, ಕೊರೆದ ಅಕ್ಷರ, ಮಸಿ ಮಾಸಿ ಹೋಗಿತ್ತು. ಮಸಿ ಸವರಿ ಬಟ್ಟೆಯಿಂದ ಒರೆಸಿದರು ನೋಡಿ, ಸಾಲು ಸಾಲಾಗಿ ಅಕ್ಷರ ಎದ್ದು ಬಂದವು. ಗರಿ ಒಣಗಿ ಮುರಿಯಬಾರದು, ಹುಳ ಹಿಡಿಯಬಾರದು ಅಂತ ನಿಂಬೆಹುಲ್ಲಿನ ಎಣ್ಣೆ ಸವರಿಡುತ್ತಾರೆ. ಆ ವಾಸನೆ ನನ್ನ ಬೆರಳಲ್ಲಿ ಸಂಜೆಯವರೆಗೂ ಇತ್ತು. ಹಳಗನ್ನಡ ನನಗೆ ಹಿಡಿಸಿದ್ದು ಅವತ್ತಿನಿಂದ.

ಗಂಗೋತ್ರಿಯ ಒಳಗೇ ಜಯಲಕ್ಷ್ಮೀವಿಲಾಸ ಇದೆ. 1905ರ ಅರಮನೆ. ಜಾನಪದ ವಸ್ತುಸಂಗ್ರಹಾಲಯ ಅಲ್ಲಿದೆ. ಒಳಗೆ ಬಿಡುವ ದಿನ ಕೇಳಿಕೊಂಡು ಹೋಗಲಿ. ಬಯಲು ರಂಗಮಂದಿರ ಅಂತೂ ದಸರಾಕ್ಕೆ ಮುಂಚೆ ಯುವ ಸಂಭ್ರಮದಲ್ಲಿ ತುಂಬಿ ತುಳುಕುತ್ತದೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದರೆ ಮರದ ತುಂಬ ಹೆಜ್ಜಾರ್ಲೆ ಹಕ್ಕಿಗಳು. ಕುವೆಂಪು ಅವರು ನಡೆಯುತ್ತಿದ್ದ ದಾರಿ ಅದು. ಪರೀಕ್ಷೆ ಹತ್ತಿರ ಬಂದಾಗ ನಾನೂ ಗೆಳತಿಯೂ ಅಲ್ಲೇ ಪಂಪನ ಪದ್ಯ ಬಾಯಿಪಾಠ ಮಾಡುತ್ತಿದ್ದೆವು.

ಹಾಗಾಗಿ ನನ್ನ ಮಾತು ಮೈಸೂರಿಗೇ. ಎರಡು ವರ್ಷ ಇವುಗಳ ಪಕ್ಕದಲ್ಲೇ ಇರುವುದು ಬೇರೆ, ವರ್ಷಕ್ಕೊಮ್ಮೆ ಬಂದು ನೋಡಿ ಹೋಗುವುದು ಬೇರೆ ಅಲ್ವಾ?

ಹಾಸನದವನು

ಅಕ್ಕ ಹೇಳಿದ್ದು ನಿಜ. ಆದರೂ ಹಾಸನದ ಪರವಾಗಿ ಒಂದು ಮಾತು. ನಾನು ಹೇಮಗಂಗೋತ್ರಿಯಲ್ಲಿ ಓದಿದವನು. ಆಗ ಅದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. ಬೆಳಿಗ್ಗೆ ಹಾಲು ಡೇರಿಗೆ ಹಾಕಿ ಬಸ್ ಹತ್ತುತ್ತಿದ್ದೆ, ಸಂಜೆ ವಾಪಸ್ ಬಂದು ಮತ್ತೆ ಕೊಟ್ಟಿಗೆ. ಮೈಸೂರಾಗಿದ್ದರೆ ನನ್ನ ಓದು ಆಗುತ್ತಲೇ ಇರಲಿಲ್ಲ.

ಕ್ಲಾಸಿನಲ್ಲಿ ನಾವು ಕಡಿಮೆ ಜನ. ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಮೇಷ್ಟ್ರಿಗೆ ಗೊತ್ತಿರುತ್ತಿತ್ತು. ಪುಸ್ತಕ ಮೈಸೂರಿನಷ್ಟು ಇರಲಿಲ್ಲ ಅನ್ನೋದನ್ನ ಒಪ್ಪುತ್ತೇನೆ. ಆದರೆ ಶಾಸನ ಓದುವವರಿಗೆ ಹಾಸನ ಜಿಲ್ಲೆಗಿಂತ ಬೇಕೇ? ಹಲ್ಮಿಡಿ ನಮ್ಮದೇ ಬೇಲೂರು ತಾಲ್ಲೂಕು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಬಂಡೆಯ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿದ್ದೇವೆ. ಬಿಸಿಲು ಓರೆಯಾಗಿ ಬಿದ್ದಾಗ ಚೆನ್ನಾಗಿ ಕಾಣುತ್ತದೆ ಅಂತ ಮೇಷ್ಟ್ರು ಬೆಳಿಗ್ಗೆ ಬೇಗ ಹತ್ತಿಸಿದ್ದರು.

ಒಂದು ಮುಖ್ಯ ವಿಷಯ. 2023ರಿಂದ ಹೇಮಗಂಗೋತ್ರಿ ಹಾಸನ ವಿಶ್ವವಿದ್ಯಾಲಯ ಆಯಿತು. ಚಾಮರಾಜನಗರದ ಸುವರ್ಣಗಂಗೋತ್ರಿಯೂ ಹಾಗೆಯೇ ಬೇರೆ ಆಯಿತು. ಈ ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವಕ್ಕೇ ಸೇರಿಸುವ ಮಾತು 2025ರಲ್ಲಿ ಜೋರಾಗಿ ನಡೆಯಿತು. ಸೀಟು ತೆಗೆದುಕೊಳ್ಳುವ ಮುಂಚೆ ಆಯಾ ಕಚೇರಿಯಲ್ಲೇ ಕೇಳಿ, ಮಾರ್ಕ್ಸ್ ಕಾರ್ಡ್ ಯಾವ ಹೆಸರಲ್ಲಿ ಬರುತ್ತದೆ ಅಂತ. ತಂಗಿಯ ಬಿ.ಎ. ಒಂದು ವಿಶ್ವವಿದ್ಯಾಲಯದ್ದು, ಸೇರುವುದು ಇನ್ನೊಂದು ಅಂತಾದರೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕಾಗುತ್ತದೆ. ಈಗಲೇ ಅರ್ಜಿ ಹಾಕಿಡಿ. ಕೊನೇ ಗಳಿಗೆಯಲ್ಲಿ ಓಡಾಡೋದು ಬೇಡ.

ನಿವೃತ್ತ ಮೇಷ್ಟ್ರು

ಹೀಗೆ ಮನೆ ಒಡೆದು ಬೇರೆಯಾಗುವುದು ಮೈಸೂರಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಮಹಾರಾಜ ನಾಲ್ವಡಿಯವರು ಕಟ್ಟಿದ್ದು. 1964ರಲ್ಲಿ ಬೆಂಗಳೂರು ಬೇರೆ ಆಯಿತು. ಕೊಣಾಜೆಯಲ್ಲಿದ್ದ ಮೈಸೂರಿನ ಕೇಂದ್ರವೇ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ. ಮಾನಸಗಂಗೋತ್ರಿ ಅಂತ ಕುವೆಂಪು ಅವರು ಇಟ್ಟ ಹೆಸರು ಎಲ್ಲ ಕಡೆ ಹಬ್ಬಿತು ನೋಡಿ. ಮಂಗಳಗಂಗೋತ್ರಿ, ಹೇಮಗಂಗೋತ್ರಿ, ದಾವಣಗೆರೆಯ ಶಿವಗಂಗೋತ್ರಿ. ಮಗು ಎಲ್ಲಿ ಸೇರಿದರೂ ಅದೇ ನೀರು. ಹುಡುಗಿಗೆ ಓದುವ ಆಸೆ ಇದೆಯಲ್ಲ, ದಯವಿಟ್ಟು ಅದನ್ನು ಚಿವುಟಬೇಡಿ.

ಹೊಳೆನರಸೀಪುರದ ಅಣ್ಣ

ಎಲ್ಲರಿಗೂ ಧನ್ಯವಾದ. ರಾತ್ರಿ ಊಟ ಆದಮೇಲೆ ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಓಲೆಗರಿ ವಿಷಯ ಬಂದಾಗ ತಂಗಿ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತು ಕೇಳಿದಳು. ಅಮ್ಮನಿಗೆ ಹಾಸ್ಟೆಲ್ ಮತ್ತು ಖರ್ಚಿನದೇ ಚಿಂತೆ. ಅಕ್ಕ, ಅದನ್ನು ಸ್ವಲ್ಪ ಹೇಳ್ತೀರಾ?

ಗಂಗೋತ್ರಿ ಹಳೆ ವಿದ್ಯಾರ್ಥಿನಿ

ಅಮ್ಮನ ಚಿಂತೆ ನ್ಯಾಯವಾದದ್ದೇ. ಗಂಗೋತ್ರಿಯಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಹಾಸ್ಟೆಲ್ ಇದೆ. ಅಡ್ಮಿಷನ್ ಆದ ದಿನವೇ ಹಾಸ್ಟೆಲ್ ಅರ್ಜಿಯನ್ನೂ ಕೊಡಿ, ನಾಳೆ ನೋಡೋಣ ಅಂತ ಬಿಡಬೇಡಿ. ಅದರ ಜೊತೆಗೆ ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೂ ಹಾಕಿ. ಅವು ಊರಿನ ಬೇರೆ ಬೇರೆ ಕಡೆ ಇವೆ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ. ನಾನು ಆದಾಯ ಪ್ರಮಾಣಪತ್ರ ತಡ ಮಾಡಿ, ಮೊದಲ ಎರಡು ತಿಂಗಳು ದೊಡ್ಡಮ್ಮನ ಮನೆಯಲ್ಲಿ ಇರಬೇಕಾಯಿತು.

ಬಸ್ಸಿನ ಖರ್ಚು ಅವಳಿಗೆ ಇಲ್ಲವೇ ಇಲ್ಲ ಅನ್ನಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಆಧಾರ್ ತೋರಿಸಿದರೆ ಸಿಟಿ ಬಸ್ಸೂ ಫ್ರೀ, ಹೊಳೆನರಸೀಪುರದ ಸಾಮಾನ್ಯ ಬಸ್ಸೂ ಫ್ರೀ. ನಮ್ಮ ಕಾಲದಲ್ಲಿ ಟಿಕೆಟ್ ದುಡ್ಡು ಉಳಿಸೋಕೆ ಎರಡು ತಿಂಗಳಿಗೊಮ್ಮೆ ಊರಿಗೆ ಹೋಗುತ್ತಿದ್ದೆ. ಅವಳು ವಾರ ವಾರ ಅಮ್ಮನ ಮುಖ ನೋಡಬಹುದು.

ಈ ಸಲ ಅಪ್ಪನನ್ನೂ ಕರೆದುಕೊಂಡು ಬನ್ನಿ. ಮೊದಲು ಗಂಗೋತ್ರಿಯ ಕನ್ನಡ ಸಂಸ್ಥೆ ನೋಡಿ. ಅಲ್ಲಿಂದ ಲೈಬ್ರರಿ, ಹಾಸ್ಟೆಲ್. ಸಂಜೆ ವಾಪಸ್ ಹೋಗುವಾಗ ಕ್ರಾಫರ್ಡ್ ಹಾಲ್ ಕಡೆ ಇಳಿದರೆ ರೈಲ್ವೆ ಸ್ಟೇಷನ್ ಅಲ್ಲಿಂದ ಹತ್ತಿರವೇ. ಅಪ್ಪ ಕ್ಲಾಸ್ ರೂಮು, ಅಲ್ಲಿ ಕೂತಿರುವ ಹೆಣ್ಣುಮಕ್ಕಳನ್ನು ಕಣ್ಣಾರೆ ನೋಡಲಿ. ನಮ್ಮಪ್ಪ ಒಪ್ಪಿದ್ದು ಹಾಗೆಯೇ.

ಹೊಳೆನರಸೀಪುರದ ಅಣ್ಣ

ಶನಿವಾರ ಬರೋಣ ಅಂತ ಅಪ್ಪನೇ ಹೇಳಿದರು.

ಗಂಗೋತ್ರಿ ಹಳೆ ವಿದ್ಯಾರ್ಥಿನಿ

ಎರಡನೇ, ನಾಲ್ಕನೇ ಶನಿವಾರ ಆಫೀಸು ರಜೆ, ನೋಡಿಕೊಳ್ಳಿ. ಶುಕ್ರವಾರ ಬಂದರೆ ಒಳ್ಳೆಯದು, ಕ್ಲಾಸೂ ನಡೆಯುತ್ತಿರುತ್ತದೆ. ತಂಗಿಯ ಮಾರ್ಕ್ಸ್ ಕಾರ್ಡಿನ ಎರಡು ಜೆರಾಕ್ಸ್ ಇಟ್ಟುಕೊಂಡು ಬನ್ನಿ.